ಮುಂಬಯಿ ಪ್ರಾಂತ್ಯದ ದಾಖಲೆಗಳಲ್ಲಿ ಐಸೆನ್‌ಬರ್ಗ್ ಮನೆತನ

ಹತ್ತೊಂಬತ್ತನೆಯ ಶತಮಾನದ ಮುಂಬಯಿಯಲ್ಲಿ ನೆಲೆಸಿದ ಜರ್ಮನ್ ಪಾದ್ರಿ ಕಾರ್ಲ್ ವಿಲ್ಹೆಲ್ಮ್ ಐಸೆನ್‌ಬರ್ಗ್ (1806–1864) ಅವರ ಮನೆತನದ ಜಾಡು ಆ ನಗರದಿಂದ ಸಿಂಧಿಗೂ ಅಲ್ಲಿಂದ ವ್ಯೂರ್ಟೆಂಬರ್ಗಿನ ಕಾಲ್ವ್ ಪಟ್ಟಣಕ್ಕೂ ಹಬ್ಬಿ, ಕೊನೆಗೆ ತಲಶ್ಶೇರಿ ಮತ್ತು ಮಂಗಳೂರಿನ ಬಾಸೆಲ್ ಮಿಷನ್ ಬಳಗದೊಡನೆ ಕೂಡಿಕೊಳ್ಳುತ್ತದೆ. ಬಾರ್ಮೆನ್‌ನಲ್ಲಿ ಹುಟ್ಟಿ ಬಾಸೆಲ್‌ನಲ್ಲಿ ತರಬೇತಿ ಪಡೆದ ಐಸೆನ್‌ಬರ್ಗ್ ಅವರು ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯ ಪರವಾಗಿ ಮೊದಲು ಇಥಿಯೋಪಿಯಕ್ಕೆ ಹೋದರು. ಬೇಕಾದಷ್ಟು ಇಂಗ್ಲಿಷ್ ಅಭ್ಯರ್ಥಿಗಳು ಸಿಗದಿದ್ದ ಆ ಕಾಲದಲ್ಲಿ ಈ ಆಂಗ್ಲಿಕನ್ ಸಂಸ್ಥೆ ಬಾಸೆಲ್‌ನ ಪದವೀಧರರನ್ನು ಧಾರಾಳವಾಗಿ ಸೇರಿಸಿಕೊಳ್ಳುತ್ತಿತ್ತು. 1841ರಲ್ಲಿ ಅಮ್ಹಾರಿಕ್ ನಿಘಂಟನ್ನೂ ಮರುವರ್ಷ ಆ ಭಾಷೆಯ ವ್ಯಾಕರಣವನ್ನೂ ಪ್ರಕಟಿಸಿದ ಈ ವಿದ್ವಾಂಸರು, ಇಥಿಯೋಪಿಯದಲ್ಲಿ ನೆಲೆ ತಪ್ಪಿದ ಮೇಲೆ, 1840ರ ದಶಕದ ನಡುವಿನಲ್ಲಿ ಮುಂಬಯಿಗೆ ಬಂದರು.

ಈ ಮನೆತನವನ್ನು ಹುಡುಕುವವರಿಗೆ ಮೊದಲ ತೊಡಕು ಹೆಸರಿನದು. ತಂದೆಯ ಇಂಗ್ಲಿಷ್ ಕೃತಿಗಳಲ್ಲಿ ಕಾರ್ಲ್ ವಿಲ್ಹೆಲ್ಮ್ ಎಂಬುದು ಚಾರ್ಲ್ಸ್ ವಿಲಿಯಂ ಆಗಿದೆ. 1840ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮಗನ ಹೆಸರೂ ಚಾರ್ಲ್ಸ್, ಸೇವೆಗೆ ಸೇರಿದ್ದೂ ಅದೇ ಸಂಸ್ಥೆಯಲ್ಲಿ, ಕೆಲಸ ಮಾಡಿದ್ದೂ ಅದೇ ಪ್ರಾಂತ್ಯದಲ್ಲಿ. ಬರಿಯ ಹೆಸರಿನ ಬಲದ ಮೇಲೆ ನಮೂದುಗಳನ್ನು ಜೋಡಿಸಹೊರಟರೆ ಎರಡು ತಲೆಮಾರುಗಳು ಒಬ್ಬನೇ ವ್ಯಕ್ತಿಯಾಗಿ ಬೆರೆತುಹೋಗುವ ಅಪಾಯವಿರುವುದರಿಂದ, ಪ್ರತಿಯೊಂದು ನಮೂದನ್ನೂ ಊರು ಮತ್ತು ಇಸವಿಯೊಂದಿಗೆ ತಾಳೆ ನೋಡಲೇಬೇಕಾಗುತ್ತದೆ.

ಎರಡನೆಯ ತೊಡಕು ಆಡಳಿತದ ಗಡಿಯದು. ಸಂಶೋಧಕರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಭಾರತದ ಚರ್ಚುಗಳ ದೀಕ್ಷಾಸ್ನಾನ, ವಿವಾಹ ಹಾಗೂ ಸಮಾಧಿ ನೋಂದಣಿಗಳ ನಕಲುಗಳನ್ನು ಪ್ರಾಂತ್ಯವಾರು ಲಂಡನ್ನಿಗೆ ಕಳುಹಿಸುವ ಪದ್ಧತಿಯಿತ್ತು. ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿರುವ ಈ ನಕಲುಗಳ ಪೈಕಿ ‘ಎನ್/2’ ಶ್ರೇಣಿ ಮದರಾಸಿಗೂ ‘ಎನ್/3’ ಶ್ರೇಣಿ ಮುಂಬಯಿಗೂ ಸೇರಿವೆ. ಸಿಂಧ್ 1936ರವರೆಗೂ ಮುಂಬಯಿ ಪ್ರಾಂತ್ಯದ ಭಾಗವಾಗಿದ್ದುದರಿಂದ, ಅಲ್ಲಿನ ಹೈದರಾಬಾದಿನಲ್ಲಿ ಸೇವೆ ಸಲ್ಲಿಸಿದ ಮಗ ಚಾರ್ಲ್ಸ್ ಅವರ ಸಂಸಾರವನ್ನು ಹುಡುಕಬೇಕಾದುದು ಮುಂಬಯಿಯ ಶ್ರೇಣಿಯಲ್ಲಿ. ಕರ್ನಾಟಕದ ಜರ್ಮನ್ ಕುಟುಂಬಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳು ಮುಂಬಯಿಗೆ ಸೇರಿದ್ದರೆ ಮಂಗಳೂರು ಮದರಾಸಿಗೆ ಸೇರಿತ್ತು, ಉತ್ತರ ಕನ್ನಡವಂತೂ 1862ರಲ್ಲಿ ಮದರಾಸಿನಿಂದ ಮುಂಬಯಿಗೆ ವರ್ಗವಾಯಿತು. ಹೀಗಾಗಿ ಧಾರವಾಡದಿಂದ ಮಂಗಳೂರಿಗೆ ವರ್ಗವಾದ ಒಬ್ಬನೇ ಮಿಷನರಿಯ ಮಕ್ಕಳು ಎರಡು ಬೇರೆ ಶ್ರೇಣಿಗಳಲ್ಲಿ ಹಂಚಿಹೋಗಿರುವುದು ಸಾಧ್ಯ.

ನೋಂದಣಿ ಪುಸ್ತಕದ ಒಂದು ಸಾಲು ಮಗುವಿನ ಹೆಸರು, ತಂದೆತಾಯಿ, ವಾಸದ ಊರು, ತಂದೆಯ ವೃತ್ತಿ, ಪಾದ್ರಿಯ ಸಹಿ ಇಷ್ಟನ್ನು ಕೊಟ್ಟು ಮುಗಿಯುತ್ತದೆ. ಅದರಾಚೆಗಿನ ಬದುಕಿಗೆ ಪತ್ರಗಳನ್ನೇ ಆಶ್ರಯಿಸಬೇಕು. 1865ರಲ್ಲಿ ಚಾರ್ಲ್ಸ್ ಅವರ ಕೈಹಿಡಿದ ಮರೀ, ಮಲಯಾಳಂ ನಿಘಂಟುಕಾರ ಹೆರ್ಮನ್ ಗುಂಡರ್ಟ್ ಮತ್ತು ಜೂಲಿ ದ್ಯುಬುವಾ ಅವರ ಮಗಳು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಆಕೆಯನ್ನು ಮಿಷನರಿ ಮಕ್ಕಳ ವಾಡಿಕೆಯಂತೆ ಎಳವೆಯಲ್ಲೇ ಯೂರೋಪಿನಲ್ಲಿ ಬಿಟ್ಟುಬರಲಾಯಿತು. ಹದಿನೈದರ ವಯಸ್ಸಿನಲ್ಲಿ, 1857ರಲ್ಲಿ, ಭಾರತಕ್ಕೆ ಮರಳುವಾಗ ಹಡಗಿನಲ್ಲಿ ಪರಿಚಯವಾದ ಇಂಗ್ಲಿಷ್ ತರುಣನೊಬ್ಬನ ಮೇಲೆ ಆಕೆಗೆ ಮನಸ್ಸಾದುದು, ತಂದೆ ಆ ಸಂಬಂಧಕ್ಕೆ ಒಪ್ಪದೆಹೋದುದು ಯಾವ ಸರ್ಕಾರಿ ಕಡತದಲ್ಲೂ ಸಿಗುವ ಸಂಗತಿಯಲ್ಲ. ಮರೀ ಅವರ ಪತ್ರ ಮತ್ತು ದಿನಚರಿಗಳನ್ನು ಮಗಳು ಅಡೆಲೆ ಸಂಪಾದಿಸಿ 1934ರಲ್ಲಿ ಹೊರತಂದುದರಿಂದ ಸಂಶೋಧಕರಿಗೆ ದೊಡ್ಡ ಉಪಕಾರವಾಗಿದೆ; ಆ ಕಾಲದ ಜರ್ಮನ್ ಪತ್ರಗಳು ಸಾಮಾನ್ಯವಾಗಿ ಕುರೆಂಟ್ ಎಂಬ ಮೋಡಿಯಂಥ ಹಳೆಯ ಕೈಬರಹದಲ್ಲಿದ್ದು, ಇಂದಿನ ಜರ್ಮನ್ ಓದುಗರಿಗೂ ಅಭ್ಯಾಸವಿಲ್ಲದೆ ದಕ್ಕುವುದಿಲ್ಲ.

ತಂದೆ ಐಸೆನ್‌ಬರ್ಗ್ ಅವರ ಮುಂಬಯಿ ವರ್ಷಗಳಿಗೆ ಇನ್ನೊಂದು ಮುಖವಿದೆ. ಅರಬ್ಬಿ ಸಮುದ್ರದಲ್ಲಿ ಗುಲಾಮರ ಹಡಗುಗಳಿಂದ ಬಿಡಿಸಿ ತಂದ ಆಫ್ರಿಕನ್ ಮಕ್ಕಳ ಪಾಲನೆಯಲ್ಲಿ ಅವರೂ ತೊಡಗಿದ್ದರು. ಈ ಮಕ್ಕಳಲ್ಲಿ ಅನೇಕರು ನಾಸಿಕದ ಶರಣಪುರದಲ್ಲಿ ಬೆಳೆದರು; 1865ರಲ್ಲಿ ಲಿವಿಂಗ್‌ಸ್ಟನ್ ತಮ್ಮ ಕೊನೆಯ ಆಫ್ರಿಕಾ ಯಾನಕ್ಕೆ ಅಲ್ಲಿಂದಲೇ ಕೆಲವು ಹುಡುಗರನ್ನು ಆರಿಸಿಕೊಂಡರು. ಐಸೆನ್‌ಬರ್ಗ್ ಅವರು ಹಿಂದಿನ ವರ್ಷವೇ ಜರ್ಮನಿಯ ಕೋರ್ನ್‌ಟಾಲ್‌ನಲ್ಲಿ ತೀರಿಕೊಂಡಿದ್ದರು.

ಚಾರ್ಲ್ಸ್ ಕಾಯಿಲೆ ಬಿದ್ದು 1870ರಲ್ಲಿ ನಿಧನರಾದಾಗ ಮರೀ ಅವರ ಮಡಿಲಲ್ಲಿ 1866ರಲ್ಲಿ ಹುಟ್ಟಿದ ಥಿಯೋಡರ್ ಮತ್ತು 1869ರಲ್ಲಿ ಹುಟ್ಟಿದ ಕಾರ್ಲ್ ಎಂಬ ಇಬ್ಬರು ಗಂಡುಮಕ್ಕಳಿದ್ದರು. ಕಾಲ್ವ್‌ನಲ್ಲಿದ್ದ ತಂದೆಯ ಆಶ್ರಯಕ್ಕೆ ಮರಳಿದ ಆಕೆ, ಭಾರತದಲ್ಲಿ ಬಾಸೆಲ್ ಮಿಷನ್‌ನ ಸೇವೆಯಲ್ಲಿದ್ದು ಅನಾರೋಗ್ಯದಿಂದ 1873ರಲ್ಲಿ ಹಿಂದಿರುಗಿದ್ದ ಯೋಹಾನೆಸ್ ಹೆಸ್ಸೆ ಅವರನ್ನು 1874ರಲ್ಲಿ ಮದುವೆಯಾದರು. 1877ರಲ್ಲಿ ಇವರಿಗೆ ಹುಟ್ಟಿದ ಮಗನೇ ಮುಂದೆ ‘ಸಿದ್ಧಾರ್ಥ’ ಬರೆದ ಹೆರ್ಮನ್ ಹೆಸ್ಸೆ. ಹೆಸ್ಸೆ ಅವರ ಭಾರತದ ನಂಟನ್ನು ಹೇಳುವಾಗ ತಾತ ಗುಂಡರ್ಟರನ್ನು ವಿಸ್ತಾರವಾಗಿ ನೆನೆದು, ತಾಯಿಯ ಮೊದಲ ಮದುವೆಯನ್ನು ಒಂದು ಸಾಲಿನಲ್ಲಿ ಮುಗಿಸುವುದು ವಾಡಿಕೆ. ಆದರೆ ಹೆಸ್ಸೆ ಬಾಲ್ಯ ಕಳೆದ ಕುಟುಂಬದಲ್ಲಿ ಐಸೆನ್‌ಬರ್ಗ್ ಹೆಸರಿನ ಇಬ್ಬರು ಅಣ್ಣಂದಿರಿದ್ದರು. ಆ ಕುಟುಂಬದ ಭಾರತಕ್ಕೆ ಮಲಬಾರ್ ಮತ್ತು ಮಂಗಳೂರಿನ ಜೊತೆಗೆ ಮುಂಬಯಿ ಮತ್ತು ಸಿಂಧ್ ಕೂಡ ಸೇರಿದ್ದವು.