ರೋಸೆನ್‌ವಾಲ್ಡ್ ಶಾಲೆಗಳು: ಕೊಟ್ಟವರು ಯಾರು?



1912ರಿಂದ 1932ರವರೆಗಿನ ಎರಡು ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಾಡಿನಲ್ಲಿ ಕಪ್ಪು ಜನಾಂಗದ ಮಕ್ಕಳಿಗಾಗಿ 4,977 ಶಾಲೆಗಳು ತಲೆಯೆತ್ತಿದವು. ಶಿಕ್ಷಕರ ವಸತಿಗಳು ಮತ್ತು ಕಸುಬು ಕಲಿಸುವ ಕಾರ್ಯಾಗಾರಗಳು ಸೇರಿದರೆ ಒಟ್ಟು 5,357 ಕಟ್ಟಡಗಳು. ಅವು ಹರಡಿದ್ದುದು ಹದಿನೈದು ರಾಜ್ಯಗಳ 883 ಕೌಂಟಿಗಳಲ್ಲಿ. ಇತಿಹಾಸವು ಇವನ್ನೆಲ್ಲ ಒಬ್ಬನೇ ವರ್ತಕನ ಹೆಸರಿನಿಂದ ರೋಸೆನ್‌ವಾಲ್ಡ್ ಶಾಲೆಗಳೆಂದು ಕರೆಯುತ್ತದೆ. ತವರೂರಿನ ಶಾಲೆಗೆ ಕೊಠಡಿಯನ್ನೋ ಗ್ರಂಥಾಲಯವನ್ನೋ ಕಟ್ಟಿಸಿಕೊಡಬೇಕೆಂಬ ಹಂಬಲವುಳ್ಳವರು ನಮ್ಮ ನಡುವೆ ಅನೇಕರಿದ್ದಾರೆ. ಆದಕಾರಣ ಈ ಹೆಸರಿನ ಹಿಂದಿರುವ ಲೆಕ್ಕವನ್ನು ನಾವು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಅಂದಿನ ಪರಿಸ್ಥಿತಿಯನ್ನು ಮೊದಲು ನೆನೆಯೋಣ. 1896ರಲ್ಲಿ ಸುಪ್ರೀಂ ಕೋರ್ಟು ‘ಬೇರೆಯಾದರೂ ಸಮಾನ’ ಎಂಬ ತತ್ವವನ್ನು ಒಪ್ಪಿತು. ಬೇರೆ ಎಂಬುದು ಕಟ್ಟುನಿಟ್ಟಾಗಿ ಜಾರಿಗೆ ಬಂದಿತು. ಸಮಾನ ಎಂಬುದು ಕಾಗದದಲ್ಲಿಯೇ ಉಳಿಯಿತು. ಕಪ್ಪು ರೈತನೂ ತೆರಿಗೆ ಕೊಡುತ್ತಿದ್ದ. ಆದರೆ ಅವನ ಮತದ ಹಕ್ಕನ್ನು ಕಸಿದುಕೊಳ್ಳಲಾಗಿತ್ತು. ತೆರಿಗೆ ಹಣವನ್ನು ಹಂಚುವ ಶಾಲಾ ಮಂಡಳಿಗಳು ಬಿಳಿಯರ ಕೈಯಲ್ಲಿದ್ದವು. ಅವನ ಮಕ್ಕಳು ಚರ್ಚಿನ ಮೂಲೆಯಲ್ಲೋ ಸೋರುವ ಗುಡಿಸಲಿನಲ್ಲೋ ವರ್ಷಕ್ಕೆ ಕೆಲವೇ ತಿಂಗಳು ಅಕ್ಷರ ಕಲಿಯಬೇಕಾಗಿತ್ತು.

ಜೂಲಿಯಸ್ ರೋಸೆನ್‌ವಾಲ್ಡ್ 1862ರಲ್ಲಿ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಹುಟ್ಟಿದವರು. ತಂದೆ ಜರ್ಮನಿಯಿಂದ ವಲಸೆ ಬಂದು ಹೊರೆ ಹೊತ್ತು ಊರೂರು ತಿರುಗಿ ಮಾರಾಟ ಮಾಡಿದ ಯೆಹೂದಿ. ಮಗ ಸಿಯರ್ಸ್ ರೋಬಕ್ ಕಂಪನಿಯ ಅಧ್ಯಕ್ಷ ಪದವಿಗೇರಿದರು. ಗುಲಾಮಗಿರಿಯಲ್ಲಿ ಹುಟ್ಟಿ, ಅಲಬಾಮಾದ ಟಸ್ಕೀಗಿಯಲ್ಲಿ ವಿದ್ಯಾಸಂಸ್ಥೆಯೊಂದನ್ನು ಬೆಳೆಸಿದ ಬೂಕರ್ ಟಿ. ವಾಷಿಂಗ್ಟನ್ನರನ್ನು ಅವರು 1911ರಲ್ಲಿ ಕಂಡರು. ಮರುವರ್ಷ ತಮ್ಮ ಐವತ್ತನೆಯ ಹುಟ್ಟುಹಬ್ಬದಂದು ಟಸ್ಕೀಗಿಗೆ 25,000 ಡಾಲರು ಕೊಟ್ಟರು. ಆ ಹಣದಲ್ಲಿ 2,800 ಡಾಲರು ಉಳಿಯಿತು. ಅದನ್ನು ಹಿಂದಿರುಗಿಸುವ ಬದಲು ಆರು ಹಳ್ಳಿ ಶಾಲೆಗಳನ್ನು ಕಟ್ಟಲು ಬಳಸಬಹುದೇ ಎಂದು ವಾಷಿಂಗ್ಟನ್ ಕೇಳಿದರು. ಇಷ್ಟೊಂದು ದೊಡ್ಡ ಕಾರ್ಯ ಮೊಳೆತದ್ದು ಹೀಗೆ, ಉಳಿಕೆ ಹಣದಿಂದ!

ಇಲ್ಲಿ ಒಂದು ಸಣ್ಣ ಸಂಗತಿ ನಮಗೆ ಬಹಳ ಮುಖ್ಯವೆನಿಸುತ್ತದೆ. ತಮ್ಮ ಕಂಪನಿಯಿಂದಲೇ ಕಟ್ಟಡ ಸಾಮಗ್ರಿಯನ್ನು ಒದಗಿಸುವ ಆಲೋಚನೆ ರೋಸೆನ್‌ವಾಲ್ಡರಿಗೆ ಇತ್ತು. ವರ್ತಕರಿಗೆ ಅದು ಸಹಜವೇ. ವಾಷಿಂಗ್ಟನ್ನರು ಒಲವು ತೋರಲಿಲ್ಲ. ಊರಿನ ಮರವನ್ನು ಊರಿನವರೇ ಕಡಿದು, ಊರಿನ ಬಡಗಿಯೇ ಕೂಡಿಸಿದರೆ ಮಾತ್ರ ಶಾಲೆ ಅವರದಾಗುತ್ತದೆ ಎಂಬುದು ಅವರ ನಿಲುವು. ದಾನಿ ಒಪ್ಪಿಕೊಂಡರು. ಹಣವುಳ್ಳವನು ಹಣವಿಲ್ಲದವನ ಬುದ್ಧಿಮಾತಿಗೆ ತಲೆಬಾಗುವುದು ಅಂದೂ ಅಪರೂಪ, ಇಂದೂ ಅಪರೂಪ.

ನಿಯಮ ಹೀಗಿತ್ತು: ಊರಿನ ಕಪ್ಪು ಜನರು ತಮ್ಮ ಪಾಲನ್ನು ಹಣ, ನೆಲ, ಮರ ಅಥವಾ ದುಡಿಮೆಯ ರೂಪದಲ್ಲಿ ಮೊದಲು ಕೂಡಿಸಬೇಕು, ಕೌಂಟಿಯ ಮಂಡಳಿ ತನ್ನ ಪಾಲನ್ನು ನೀಡಿ ಸರ್ಕಾರಿ ಶಾಲೆಯಾಗಿ ನಡೆಸಲು ಒಪ್ಪಬೇಕು, ಆಗ ರೋಸೆನ್‌ವಾಲ್ಡರ ಸಹಾಯಧನ ಬರುತ್ತದೆ. ಗೇಣಿದಾರರು ಹತ್ತಿಯ ಹೊಲದಲ್ಲಿ ಒಂದು ತುಂಡನ್ನು ಶಾಲೆಗೆಂದೇ ಬಿಟ್ಟು, ಅದರ ಫಸಲನ್ನು ಮಾರಿ ತಂದರು. ಹೆಂಗಸರು ಬುತ್ತಿ ಕಟ್ಟಿ ಹರಾಜು ಹಾಕಿದರು, ಕೋಳಿ ಸಾಕಿ ಮಾರಿದರು. ಅಲಬಾಮಾದ ಒಂದು ಊರಿನ ಸಭೆಯಲ್ಲಿ ಗುಲಾಮಗಿರಿಯ ದಿನಗಳನ್ನು ಕಂಡಿದ್ದ ವೃದ್ಧರೊಬ್ಬರು ಜಿಡ್ಡುಗಟ್ಟಿದ ಚೀಲವನ್ನು ಹೊರತೆಗೆದು ಬಾಳಿನ ಉಳಿತಾಯವನ್ನೆಲ್ಲ ಮೇಜಿನ ಮೇಲೆ ಸುರಿದುದನ್ನು ಕಟ್ಟಡ ಕಾರ್ಯದ ಪ್ರತಿನಿಧಿಯೊಬ್ಬರು ವರದಿಯಲ್ಲಿ ಬರೆದಿಟ್ಟಿದ್ದಾರೆ. ಎಣಿಸಿದಾಗ ಮೂವತ್ತೆಂಟು ಡಾಲರು. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಈ ಕೂಡುದುಡಿಮೆಯನ್ನು ಹೆಚ್ಚು ವಿವರಿಸಬೇಕಿಲ್ಲ.

ಕಟ್ಟಡಗಳೂ ವಿಚಾರಪೂರ್ಣವಾಗಿದ್ದವು. ವಿದ್ಯುತ್ತಿಲ್ಲದ ಊರುಗಳಾದ್ದರಿಂದ ಬೆಳಕು ಚೆನ್ನಾಗಿ ಬರುವ ದಿಕ್ಕಿಗೆ ಎತ್ತರದ ಕಿಟಕಿಗಳ ಸಾಲು. ನಡುವಣ ಗೋಡೆಯನ್ನು ಸರಿಸಿದರೆ ಊರಿನ ಸಭೆಗೆ ವಿಶಾಲ ಮಂದಿರ. ಮೊದಲ ನಕ್ಷೆಗಳು ಟಸ್ಕೀಗಿಯಲ್ಲಿಯೇ ತಯಾರಾದವು. 1920ರಲ್ಲಿ ಮಾತ್ರ ಆಡಳಿತವನ್ನು ಟಸ್ಕೀಗಿಯಿಂದ ತೆಗೆದು ನ್ಯಾಶ್‌ವಿಲ್ಲಿನ ಕಚೇರಿಗೆ, ಬಿಳಿಯ ಅಧಿಕಾರಿಯೊಬ್ಬರ ಕೈಗೆ ಒಪ್ಪಿಸಲಾಯಿತು. ಕೆಲಸದ ಗುಣಮಟ್ಟ ಹೆಚ್ಚಿತೆಂಬುದು ನಿಜ. ಯಾರಿಗಾಗಿ ಕಾರ್ಯ ನಡೆದಿತ್ತೋ ಅವರ ಸಂಸ್ಥೆಯ ಕೈಯಿಂದ ಚುಕ್ಕಾಣಿ ಜಾರಿತೆಂಬುದೂ ಅಷ್ಟೇ ನಿಜ.

ಈಗ ಲೆಕ್ಕಕ್ಕೆ ಬರೋಣ. 1932ರ ವೇಳೆಗೆ ಆದ ವೆಚ್ಚ ಸುಮಾರು 284 ಲಕ್ಷ ಡಾಲರು. ಇದರಲ್ಲಿ ರೋಸೆನ್‌ವಾಲ್ಡ್ ನಿಧಿಯ ಪಾಲು ಸುಮಾರು 44 ಲಕ್ಷ. ಕಪ್ಪು ಜನರು ಕೈಯಾರೆ ಕೂಡಿಸಿ ಕೊಟ್ಟದ್ದು 47 ಲಕ್ಷ. ಬಿಳಿಯ ನೆರೆಹೊರೆಯವರ ಕೊಡುಗೆ ಸುಮಾರು 12 ಲಕ್ಷ. ಉಳಿದ 181 ಲಕ್ಷ ತೆರಿಗೆಯ ಹಣ. ಶಾಲೆಗೆ ಯಾರ ಹೆಸರು ಅಂಟಿತೋ ಅವರಿಗಿಂತ, ಹೆಸರೇ ಉಳಿಯದ ಗೇಣಿದಾರರು ಹೆಚ್ಚು ಕೊಟ್ಟಿದ್ದರು. ಅದೂ ಎರಡನೆಯ ಬಾರಿಗೆ, ಏಕೆಂದರೆ ತೆರಿಗೆಯಲ್ಲಿ ಅವರ ಪಾಲು ಆಗಲೇ ಸಂದಿತ್ತು! ಇಷ್ಟಾದ ಮೇಲೆಯೂ ಶಾಲೆಯ ಹಕ್ಕುಪತ್ರವನ್ನು ಅದೇ ಬಿಳಿಯರ ಮಂಡಳಿಗೆ ಬರೆದುಕೊಡಬೇಕಾಗಿತ್ತು. ಸಮಪಾಲಿನ ಷರತ್ತು ಜನರ ಸ್ವಾಭಿಮಾನವನ್ನು ಉಳಿಸಿತೆಂದು ಹೊಗಳುವವರು ಈ ಇನ್ನೊಂದು ಮುಖವನ್ನೂ ನೋಡಬೇಕು. ಸರ್ಕಾರ ಮಾಡಲೇಬೇಕಾದ ಕೆಲಸಕ್ಕೆ ಬಡವನೇ ಮತ್ತೊಮ್ಮೆ ಬೆಲೆ ತೆತ್ತನು. ಬೇರ್ಪಡಿಸುವ ಕಾನೂನನ್ನು ಈ ಯೋಜನೆ ಮುಟ್ಟಲೂ ಇಲ್ಲ. ಮುಟ್ಟಿದ್ದರೆ ದಕ್ಷಿಣದಲ್ಲಿ ಒಂದು ಶಾಲೆಯೂ ಏಳುತ್ತಿರಲಿಲ್ಲವೆಂಬ ವಾದವಿದೆ. ಅದರಲ್ಲಿ ಹುರುಳಿದೆ ಎಂದೇ ನಮ್ಮ ಭಾವನೆ. ಆದರೂ ಬೆಲೆ ತೆತ್ತವರು ಯಾರೆಂಬುದನ್ನು ಆ ವಾದ ಮರೆಸಬಾರದು.

ರೋಸೆನ್‌ವಾಲ್ಡರ ಇನ್ನೊಂದು ನಿಲುವು ನಮ್ಮ ಸಂಪ್ರದಾಯಕ್ಕೆ ತೀರ ವಿರುದ್ಧವಾದುದು. ನಮ್ಮ ನಾಡಿನ ದಾನಶಾಸನಗಳು ದತ್ತಿಯು ಆಚಂದ್ರಾರ್ಕವಾಗಿ ನಡೆಯಲೆಂದು ಹರಸುತ್ತವೆ. ಇವರಾದರೋ ಶಾಶ್ವತ ದತ್ತಿಯನ್ನೇ ಒಪ್ಪಲಿಲ್ಲ. ಮುಂದಿನ ತಲೆಮಾರಿನ ಅಗತ್ಯ ಆ ತಲೆಮಾರಿಗೇ ಗೊತ್ತು ಎಂಬ ನಂಬಿಕೆಯಿಂದ, ತಾವು ಸತ್ತ ಇಪ್ಪತ್ತೈದು ವರ್ಷಗಳೊಳಗೆ ಮೂಲಧನವೂ ಸೇರಿದಂತೆ ಎಲ್ಲವನ್ನೂ ಮುಗಿಸಬೇಕೆಂದು ವಿಧಿಸಿದರು. 1932ರಲ್ಲಿ ಅವರು ತೀರಿಕೊಂಡರು. 1948ರಲ್ಲಿ ನಿಧಿ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಅದು ಲ್ಯಾಂಗ್‌ಸ್ಟನ್ ಹ್ಯೂಸ್, ಮೇರಿಯನ್ ಆ್ಯಂಡರ್ಸನ್, ರಾಲ್ಫ್ ಎಲಿಸನ್ ಮೊದಲಾದವರಿಗೆ ವೇತನವನ್ನಿತ್ತು ಪೊರೆದಿತ್ತು. ಗೊಂಬೆಗಳನ್ನಿಟ್ಟು ಮಕ್ಕಳ ಮನಸ್ಸನ್ನು ಪರೀಕ್ಷಿಸಿದ ಕ್ಲಾರ್ಕ್ ದಂಪತಿಗಳೂ ಈ ವೇತನವನ್ನು ಪಡೆದವರೇ. ಬೇರ್ಪಟ್ಟ ಶಾಲೆಗಳು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು 1954ರಲ್ಲಿ ಸಾರಿದಾಗ ಕ್ಲಾರ್ಕರ ಸಂಶೋಧನೆಯೂ ಅದರ ಮುಂದಿತ್ತು. ನಿಧಿ ಮುಟ್ಟದೆ ಬಿಟ್ಟ ಗೋಡೆಯನ್ನು ಅದರ ನೆರವು ಪಡೆದವರೇ ಕೆಡವಲು ಕೈಹಾಕಿದರು.

ಮಾಯಾ ಆ್ಯಂಜೆಲೋ ಇಂಥ ಶಾಲೆಯಲ್ಲಿ ಓದಿದವರು. ಅಲಬಾಮಾದ ಗೇಣಿದಾರರ ಮಗ ಜಾನ್ ಲೂಯಿಸ್ ಕೂಡ. ಆ ಲೂಯಿಸ್ 1965ರ ಮಾರ್ಚ್ 7ರಂದು ಸೆಲ್ಮಾದ ಸೇತುವೆಯ ಮೇಲೆ ಪೊಲೀಸರ ಏಟಿಗೆ ತಲೆಯೊಡ್ಡಿದರು. ಅದೇ ವರ್ಷ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾನೂನು, ಅಕ್ಟೋಬರಿನಲ್ಲಿ ಹೊಸ ವಲಸೆ ಕಾನೂನು ಬಂದವು. ಈ ದೇಶಕ್ಕೆ ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಬರಲು ಬಾಗಿಲು ತೆರೆದದ್ದು ಆ ಎರಡನೆಯ ಕಾನೂನು. ಜನಾಂಗ ಭೇದಕ್ಕೆ ಕಾನೂನಿನಲ್ಲಿ ಎಡೆಯಿರಬಾರದೆಂಬ ಅದೇ ಹೋರಾಟದ ಗಾಳಿ ಅದರ ಹಿಂದೆಯೂ ಬೀಸಿತ್ತು. ಹತ್ತಿಯ ಹೊಲದ ಆ ತುಂಡಿಗೂ ನಮ್ಮ ಮನೆಯ ವಿಳಾಸಕ್ಕೂ ನಡುವೆ ಇರುವ ದೂರ ನಾವು ತಿಳಿದಷ್ಟು ಹೆಚ್ಚಲ್ಲ.

ಶಾಲೆಗಳು ಒಂದಾಗತೊಡಗಿದಂತೆ ಆ ಕಟ್ಟಡಗಳು ಪಾಳು ಬಿದ್ದವು. 2002ರಲ್ಲಿ ಅವನ್ನು ಅಳಿವಿನಂಚಿನ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಇವುಗಳಿಗಾಗಿ ರಾಷ್ಟ್ರೀಯ ಉದ್ಯಾನವೊಂದನ್ನು ರಚಿಸಬಹುದೇ ಎಂದು ಪರಿಶೀಲಿಸುವ ಕಾನೂನಿಗೆ 2021ರ ಜನವರಿಯಲ್ಲಿ ಅಂಕಿತ ಬಿದ್ದಿತು. ಉಳಿದಿರುವವು ಸುಮಾರು ಐನೂರು. ಹಲವು ಊರುಗಳಲ್ಲಿ ಹಳೆಯ ವಿದ್ಯಾರ್ಥಿಗಳೇ ಹಣ ಕೂಡಿಸಿ ಚಾವಣಿ ರಿಪೇರಿ ಮಾಡಿಸಿ, ಕಿಟಕಿಗಳಿಗೆ ಹೊಸ ಗಾಜು ಹಾಕಿಸಿದ್ದಾರೆ.