ಹೋಲೋಕಾಸ್ಟ್: ಬಲಿಪೀಠದಿಂದ ಬಂದ ಪದ

ನಾತ್ಸಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದ ಕೃತ್ಯಕ್ಕೆ ಇಂಗ್ಲಿಷಿನಲ್ಲಿ ರೂಢವಾಗಿರುವ ಹೆಸರು ಹೋಲೋಕಾಸ್ಟ್. ಇಂದು ವಿನಾಶವನ್ನೇ ಸೂಚಿಸುವ ಈ ಪದ ಹುಟ್ಟಿದ್ದು ಆರಾಧನೆಯಲ್ಲಿ. ಯಾಜಕಕಾಂಡದ ಮೊದಲ ಅಧ್ಯಾಯದಲ್ಲಿ ಬರುವ ‘ಓಲಾ’ ಎಂಬ ಹೀಬ್ರೂ ಪದಕ್ಕೆ ಮೇಲಕ್ಕೆ ಏರುವಂಥದ್ದು ಎಂದರ್ಥ. ಯಾಜಕನಿಗೆ ಸಲ್ಲುವ ಚರ್ಮದ ಹೊರತು ಪಶುವಿನ ಯಾವ ಭಾಗವೂ ಮನುಷ್ಯನಿಗೆ ಉಳಿಯುತ್ತಿರಲಿಲ್ಲ. ಎಲ್ಲವೂ ಹೊಗೆಯಾಗಿ ದೇವರ ಕಡೆಗೆ ಏರುತ್ತಿತ್ತು. ಗ್ರೀಕ್ ಭಾಷಾಂತರಕಾರರು ಏರುವಿಕೆಯನ್ನು ಬಿಟ್ಟು ಸುಡುವಿಕೆಯನ್ನು ಹಿಡಿದರು: ‘ಹೋಲೊಸ್’ ಎಂದರೆ ಪೂರ್ತಿ, ‘ಕೌಸ್ತೊಸ್’ ಎಂದರೆ ಸುಟ್ಟದ್ದು. ಲತೀನಿನ ಮೂಲಕ ಅದು ಇಂಗ್ಲಿಷನ್ನು ಸೇರಿತು. ನಮ್ಮ ಸತ್ಯವೇದದಲ್ಲಿ ಅದೇ ‘ಸರ್ವಾಂಗಹೋಮ’. ಯಜ್ಞವನ್ನು ಕುರಿತು 1872ರಲ್ಲಿ ಮಂಗಳೂರಿನಿಂದ ಪುಸ್ತಿಕೆ ಹೊರತಂದ ಕಿಟ್ಟೆಲರಂಥ ಮಿಷನರಿಗಳಿಗೆ ‘ಹೋಮ’ವೆಂಬ ಮಾತಿನ ಭಾರ ತಿಳಿಯದೆ ಇರಲಿಲ್ಲ.

ಪದವು ಕೊಲೆಗೆ ಅಂಟಿಕೊಂಡ ಒಂದು ಹಳೆಯ ಪ್ರಸಂಗವು ಸಭೆಯ ಚರಿತ್ರೆಗೇ ಸೇರಿದ್ದು. 1189ರಲ್ಲಿ ಒಂದನೆಯ ರಿಚರ್ಡನ ಪಟ್ಟಾಭಿಷೇಕದ ದಿನ ಲಂಡನ್ನಿನ ಜನರು ಯೆಹೂದ್ಯರನ್ನು ಕೊಂದರು. ವಿಂಚೆಸ್ಟರಿನ ಸನ್ಯಾಸಿ ಡಿವೈಜಿಸ್‌ನ ರಿಚರ್ಡನು ತನ್ನ ವೃತ್ತಾಂತದಲ್ಲಿ ಆ ಕೊಲೆಗಳನ್ನು ‘ಹೋಲೊಕೌಸ್ತುಮ್’ ಎಂದು ಕರೆದನು. ಬಲಿಯು ಸೈತಾನನಿಗೆ ಸಂದಿತೆಂಬ ಕುಹಕವೂ ಅವನ ಮಾತಿನಲ್ಲಿದೆ. ದಿನವೂ ಕೀರ್ತನೆಗಳನ್ನು ಪಠಿಸುತ್ತಿದ್ದ ಸನ್ಯಾಸಿಯ ಲೇಖನಿಯಿಂದ ಇದು ಬಂತೆಂಬುದನ್ನು ನಾವು ಹಗುರವಾಗಿ ದಾಟಿಹೋಗಲಾಗದು.

ಹೊಸ ಒಡಂಬಡಿಕೆಯಲ್ಲಿ ಸರ್ವಾಂಗಹೋಮದ ಗ್ರೀಕ್ ಪದ ಬರುವುದು ಮೂರೇ ಸಲ: ಮಾರ್ಕ 12:33, ಇಬ್ರಿಯ 10:6 ಮತ್ತು 10:8. ಮೂರೂ ಕಡೆ ಅದು ಪ್ರೀತಿಗಿಂತ ಅಥವಾ ದೇವರ ಚಿತ್ತವನ್ನು ನೆರವೇರಿಸುವುದಕ್ಕಿಂತ ಕೆಳಗಿನದು. ಕ್ರಿಸ್ತನ ಮರಣಕ್ಕೂ ಯಾವ ಅಪೊಸ್ತಲನೂ ಆ ಪದವನ್ನು ಬಳಸಲಿಲ್ಲ. ಹೀಗಿರುವಾಗ ಅನಿಲಕೋಣೆಗೆ ತಳ್ಳಲ್ಪಟ್ಟ ಮಗುವನ್ನು ಕಾಣಿಕೆಯೆಂದು ಸೂಚಿಸುವ ಹೆಸರು ಹೇಗೆ ಸಂದೀತು? ಅರ್ಪಿಸಿದವರಾರು, ಸ್ವೀಕರಿಸಿದವರಾರು? ಅನೇಕ ಯೆಹೂದ್ಯರು ಈ ಕಾರಣಕ್ಕೇ ಅದನ್ನು ಒಲ್ಲದೆ ‘ಶೋಆ’ ಎನ್ನುತ್ತಾರೆ. ಯೆಶಾಯ 47:11ರಲ್ಲಿಯೂ ಚೆಫನ್ಯ 1:15ರಲ್ಲಿಯೂ ಬರುವ ಆ ಪದಕ್ಕೆ ಹಾಳಾಗುವಿಕೆ ಎಂದಷ್ಟೇ ಅರ್ಥ, ಅದರಲ್ಲಿ ಬಲಿಪೀಠವಿಲ್ಲ.

ಕನ್ನಡದಲ್ಲಿಯೂ ನಾವು ಇದೇ ತೊಡಕಿನಲ್ಲಿದ್ದೇವೆ. ಪತ್ರಿಕೆಗಳ ‘ಮಾರಣಹೋಮ’ವೂ ‘ನರಮೇಧ’ವೂ ಯಜ್ಞಶಾಲೆಯಿಂದಲೇ ಬಂದವು. ಒಂದು ಭೇದವುಂಟು: ಮಾರಣವು ಶತ್ರುವನ್ನು ಕೊಲ್ಲಲು ಮಾಡುವ ಅಭಿಚಾರ, ಆದ್ದರಿಂದ ಮಾರಣಹೋಮವೆಂದಾಗ ಕೊಲೆಗಾರನ ಉದ್ದೇಶವಾದರೂ ಬಯಲಾಗುತ್ತದೆ. ಆದರೂ ಭಾನುವಾರದ ಪಾಠದಲ್ಲಿ ಸರ್ವಾಂಗಹೋಮವನ್ನು ಓದಿ, ಅದೇ ಪ್ರಸಂಗಪೀಠದಿಂದ ಆಶ್ವಿಟ್ಜನ್ನು ಮಾರಣಹೋಮವೆನ್ನುವ ಬೋಧಕನ ಮಾತಿನಲ್ಲಿ ಎರಡು ಬೆಂಕಿಗಳು ಒಂದಾಗಿಬಿಡುತ್ತವೆ. ಪ್ರಸಂಗದಲ್ಲಿ ‘ಹತ್ಯಾಕಾಂಡ’ವೆನ್ನುವುದು, ಪ್ರಾರ್ಥನೆಯಲ್ಲಿ ‘ಶೋಆ’ ಎಂಬುದನ್ನೇ ಉಳಿಸಿಕೊಳ್ಳುವುದು ನನಗೆ ಸರಿಯೆನಿಸುತ್ತದೆ.