ಬೀದಿಯ ಗ್ರೀಕ್: ಹೊಸ ಒಡಂಬಡಿಕೆಯ ಗದ್ಯಶೈಲಿಯನ್ನು ವಿದ್ವಾಂಸರು ಅಳೆದ ಬಗೆ

ಯೌವನದಲ್ಲಿ ಸಿಸೆರೋನ ಗದ್ಯಕ್ಕೆ ಮಾರುಹೋಗಿದ್ದ ಅಗಸ್ಟೀನನಿಗೆ ಬೈಬಲ್ ಮೊದಲ ಓದಿಗೆ ರುಚಿಸಲಿಲ್ಲ. ಸಿಸೆರೋನ ಗಾಂಭೀರ್ಯದ ಮುಂದೆ ಅದು ತೀರಾ ಸಪ್ಪೆ ಎನಿಸಿತೆಂದು ತನ್ನ ಆತ್ಮನಿವೇದನೆಯ ಮೂರನೆಯ ಭಾಗದಲ್ಲಿ ಅವನೇ ಬರೆದುಕೊಂಡಿದ್ದಾನೆ. ಅವನು ಓದಿದ್ದು ಲ್ಯಾಟಿನ್ ಅನುವಾದವನ್ನು. ಗ್ರೀಕ್ ಮೂಲವನ್ನೇ ಓದಬಲ್ಲ ಸುಶಿಕ್ಷಿತರಿಗೂ ಸುವಾರ್ತೆಗಳ ಭಾಷೆ ಒರಟಾಗಿಯೇ ಕಂಡಿತ್ತು. ಅಥೆನ್ಸಿನ ಶಿಷ್ಟ ಗದ್ಯವನ್ನು ಅಳತೆಗೋಲಾಗಿ ಹಿಡಿದವರಿಗೆ ಬೇರೆ ತೀರ್ಪು ಸಾಧ್ಯವೂ ಇರಲಿಲ್ಲ.

ಹದಿನೇಳನೆಯ ಶತಮಾನದ ಯುರೋಪಿನಲ್ಲಿ ಇದೇ ವಿಷಯ ಜಗಳವಾಯಿತು. ದೈವಪ್ರೇರಿತ ಗ್ರಂಥದ ಗ್ರೀಕ್ ಶುದ್ಧವೇ ಆಗಿರಬೇಕೆಂದು ಒಂದು ಪಕ್ಷ ಹಟ ಹಿಡಿಯಿತು. ಅದು ಹೀಬ್ರೂ ನುಡಿಗಟ್ಟಿನಲ್ಲಿ ನೆಂದ ಗ್ರೀಕ್ ಎಂದು ಇನ್ನೊಂದು ಪಕ್ಷ ವಾದಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರಿಚರ್ಡ್ ರೋಥ, ಇದು ಪವಿತ್ರಾತ್ಮನೇ ರೂಪಿಸಿಕೊಂಡ ಪ್ರತ್ಯೇಕ ಭಾಷೆ ಎಂಬ ವಿಚಾರಕ್ಕೆ ಬೆಂಬಲ ಕೊಟ್ಟ. ವಿವರಿಸಲಾಗದ್ದನ್ನು ಪವಾಡವೆಂದು ಕರೆದು ಕೈತೊಳೆದುಕೊಳ್ಳುವ ಉಪಾಯವಿದು.

ಉತ್ತರ ಸಿಕ್ಕಿದ್ದು ಈಜಿಪ್ಟಿನ ಕಸದ ಗುಡ್ಡೆಗಳಲ್ಲಿ. ಅಲ್ಲಿನ ಒಣ ಮರಳು ಪಪೈರಸ್ ಹಾಳೆಗಳನ್ನು ಕಾಪಾಡಿತ್ತು. 1896-97ರ ಚಳಿಗಾಲದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಕ್ಸ್‌ಫರ್ಡಿನ ಇಬ್ಬರು ವಿದ್ವಾಂಸರು ಆಕ್ಸಿರಿಂಕಸ್‌ನಲ್ಲಿ ಅಗೆತ ಶುರುಮಾಡಿದಾಗ ಅವು ರಾಶಿರಾಶಿಯಾಗಿ ಹೊರಬಂದವು. ಬಾಡಿಗೆ ಕರಾರು, ತೆರಿಗೆ ರಸೀದಿ, ಮನೆಗೆ ಬರೆದ ಕಾಗದ, ಉಯಿಲು: ಎಲ್ಲವೂ ಸಾಮಾನ್ಯರ ಬರಹ. ಅಷ್ಟರಲ್ಲೇ ಬೇರೆಡೆ ಅಚ್ಚಾಗಿದ್ದ ಪಪೈರಸ್‌ಗಳನ್ನು ಓದುತ್ತಿದ್ದ ಜರ್ಮನ್ ವಿದ್ವಾಂಸ ಅಡಾಲ್ಫ್ ಡೈಸ್‌ಮನ್‌ಗೆ ಅಲ್ಲಿ ಸುವಾರ್ತೆಗಳ ಗ್ರೀಕ್ ಎದುರಾಗಿತ್ತು. ಮತ್ತಾಯನಲ್ಲಿ ಡಾಂಭಿಕರು ತಮಗೆ ಬರಬೇಕಾದ ಫಲವನ್ನು ಆಗಲೇ ಪಡೆದುಕೊಂಡರು ಎನ್ನುವಾಗ ಬರುವ ಕ್ರಿಯಾಪದ, ರಸೀದಿಗಳಲ್ಲಿ ಹಣ ಪೂರ್ತಿ ಸಂದಾಯವಾಯಿತು ಎಂಬುದಕ್ಕೆ ಬಳಕೆಯಾಗುತ್ತಿದ್ದ ಪದವೇ. 1895ರ ‘ಬೈಬಲ್ ಅಧ್ಯಯನಗಳು’, 1908ರ ‘ಪೂರ್ವದ ಬೆಳಕು’ ಕೃತಿಗಳಲ್ಲಿ ಅವನು ಈ ವಾದವನ್ನು ಕಟ್ಟಿದ. ಬೈಬಲಿಗಷ್ಟೇ ಸೇರಿದ್ದೆಂದು ನಂಬಿದ್ದ ಎಷ್ಟೋ ಪದಗಳು ಸಂತೆಯ ಪದಗಳೆಂದು ಹೀಗೆ ಗೊತ್ತಾಯಿತು.

ಆದರೆ ಡೈಸ್‌ಮನ್ ತನ್ನ ಶೋಧದ ಉತ್ಸಾಹದಲ್ಲಿ, ಪದಗಳಂತೆ ಶೈಲಿಯೂ ಬೀದಿಯದ್ದೇ ಎಂಬಂತೆ, ಒಂದು ಹೆಜ್ಜೆ ಹೆಚ್ಚೇ ಇಟ್ಟ. ಪದಸಂಪತ್ತು ಬೀದಿಯದ್ದಾದರೂ ಶೈಲಿ ಒಬ್ಬೊಬ್ಬರದು ಒಂದೊಂದು. ಮಾರ್ಕನು ವಾಕ್ಯಗಳನ್ನು ‘ಮತ್ತು’ ಎಂದು ಪೋಣಿಸುತ್ತಾನೆ. ‘ಕೂಡಲೇ’ ಎಂಬ ಪದ ಅವನಲ್ಲಿ ಸುಮಾರು 40 ಸಲ ಬರುತ್ತದೆ. ಭೂತಕಾಲದ ಘಟನೆಯನ್ನು ವರ್ತಮಾನದಲ್ಲಿ ಹೇಳುವುದು ಅವನ ರೂಢಿ. ಲೂಕನೋ ಗ್ರೀಕ್ ಇತಿಹಾಸಕಾರರ ಮಾದರಿಯಲ್ಲಿ ನಾಲ್ಕು ವಚನಗಳಷ್ಟು ಉದ್ದದ ಒಂದೇ ವಾಕ್ಯದ ಪೀಠಿಕೆ ಬರೆದು, ಐದನೆಯ ವಚನದಲ್ಲಿ ಥಟ್ಟನೆ ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದ ಧಾಟಿಗೆ ಹೊರಳುತ್ತಾನೆ. ಎರಡು ಶೈಲಿಗಳನ್ನೂ ಬಲ್ಲವನು ಬೇಕೆಂದೇ ಮಾಡಿದ ಆಯ್ಕೆ ಇದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ ಮೊದಲ ವಾಕ್ಯದಲ್ಲಂತೂ ‘ಪ’ಕಾರದ ಅನುಪ್ರಾಸವೇ ಇದೆ, ಅಲಂಕಾರಶಾಸ್ತ್ರ ಕಲಿತವರ ಕೈ ಅದು.

ಮಾರ್ಕನ ಒರಟುತನವನ್ನೇ ಸಾಹಿತ್ಯಕ ಗುಣವೆಂದು ಎತ್ತಿ ತೋರಿಸಿದವನು ಎರಿಕ್ ಔವರ್‌ಬಾಖ್. ನಾತ್ಸಿ ಆಳ್ವಿಕೆ ಮಾರ್‌ಬುರ್ಗ್ ವಿಶ್ವವಿದ್ಯಾಲಯದಿಂದ ಹೊರಹಾಕಿದ ಈ ಯೆಹೂದಿ ವಿದ್ವಾಂಸ ಇಸ್ತಾಂಬುಲಿನಲ್ಲಿ ಬರೆದ ‘ಮಿಮೆಸಿಸ್’ 1946ರಲ್ಲಿ ಪ್ರಕಟವಾಯಿತು. ಯೇಸುವನ್ನು ಅರಿಯೆನೆಂದು ಪೇತ್ರ ಅಲ್ಲಗಳೆಯುವ ಪ್ರಸಂಗವನ್ನು ಅವನು ರೋಮನ್ ಲೇಖಕರಾದ ಪೆಟ್ರೋನಿಯಸ್, ಟಾಸಿಟಸ್‌ರ ಪಕ್ಕಕ್ಕಿಟ್ಟು ನೋಡಿದ. ಪ್ರಾಚೀನ ಸಾಹಿತ್ಯ ನಿಯಮದಂತೆ ಕೆಳವರ್ಗದವರ ಬದುಕು ಹಾಸ್ಯಕ್ಕಷ್ಟೇ ವಸ್ತು. ಗಂಭೀರ ದುಃಖ ಅರಸರಿಗೆ, ವೀರರಿಗೆ ಮೀಸಲು. ಇಲ್ಲಿ ಒಬ್ಬ ಬೆಸ್ತ ಅಂಗಳದ ಬೆಂಕಿಯ ಬಳಿ, ಒಬ್ಬ ದಾಸಿಯ ಪ್ರಶ್ನೆಗೆ ತತ್ತರಿಸಿ, ಕೊನೆಗೆ ಅಳುತ್ತಾನೆ. ಸಿಸೆರೋನ ಅಳತೆಗೋಲಿಗೆ ಸಿಗದೇ ಹೋದದ್ದು ಇದೇ.

ಬರೆದವನು ಯಾರೆಂಬುದಕ್ಕೆ ಶೈಲಿಯನ್ನೇ ಸಾಕ್ಷಿಯಾಗಿ ಬಳಸಿದ ಹಳೆಯ ಉದಾಹರಣೆಯೊಂದು ಮೂರನೆಯ ಶತಮಾನದ್ದು. ಯೋಹಾನನ ಸುವಾರ್ತೆಯ ಗ್ರೀಕ್ ತಪ್ಪಿಲ್ಲದ್ದು, ಪ್ರಕಟನೆಯದು ವ್ಯಾಕರಣ ಮುರಿಯುವಂಥದ್ದು, ಆದ್ದರಿಂದ ಎರಡನ್ನೂ ಬರೆದವನು ಒಬ್ಬನಲ್ಲ ಎಂದು ಅಲೆಕ್ಸಾಂಡ್ರಿಯದ ಬಿಷಪ್ ಡಯೊನೀಸಿಯಸ್ ವಾದಿಸಿದ್ದ. ಯೂಸೇಬಿಯಸ್ ತನ್ನ ಸಭಾ ಇತಿಹಾಸದ ಏಳನೆಯ ಸಂಪುಟದಲ್ಲಿ ಆ ವಾದವನ್ನು ಉಳಿಸಿಟ್ಟಿದ್ದಾನೆ. ಇಂದಿನ ಬಹುಪಾಲು ವಿದ್ವಾಂಸರ ಅಭಿಪ್ರಾಯವೂ ಅದೇ.